ಆಕಾಶವಾಣಿಯ ಹಳೇ ಸಿಡಿಗಳನ್ನು ಉಳಿಸಿಕೊಳ್ಳೋದು ಹೇಗೆ?

ಸಪ್ತಾಪುರದವ:
ಅಪ್ಪ ಧಾರವಾಡದಲ್ಲಿದ್ದಾಗ ಕೊಂಡ ‘ಆಕಾಶವಾಣಿ ಸಂಗೀತ’ ಸಿಡಿಗಳು ಒಂದು ಪೆಟ್ಟಿಗೆ ತುಂಬ ಇವೆ. ಆಕಾಶವಾಣಿಯೇ ತನ್ನ ಭಂಡಾರದಿಂದ ಹೊರತಂದವು. ಅವುಗಳಲ್ಲಿ ಮಲ್ಲಿಕಾರ್ಜುನ ಮನ್ಸೂರರದ್ದೂ ಇದೆ. ಜೊತೆಗೆ ಅಪ್ಪನ ಗೆಳೆಯರು ರೇಡಿಯೋದಿಂದ ಟೇಪ್ ಮಾಡಿ, ಆಮೇಲೆ ಕಂಪ್ಯೂಟರಿನಲ್ಲಿ ಬರೆದುಕೊಟ್ಟ ಸಿಡಿ-ಆರ್‌ಗಳು (ಖಾಲಿ ಕೊಂಡು ಮನೆಯಲ್ಲೇ ಬರೆಯುವ ಸಿಡಿ). ಒಂದೆರಡು ಈಗ ನಡುವೆಯೇ ಕಟಕಟ ಅಂತ ನಿಲ್ಲುತ್ತವೆ. ಎಲ್ಲಾ ಎಂಪಿ3 ಮಾಡಿ ಪೆನ್‌ಡ್ರೈವ್‌ಗೆ ಹಾಕಿದರೆ ಸಾಕಾ? ನೆಟ್‌ಗೆ ಏರಿಸಬಹುದಾ?

ತಂಬೂರಿ:
ಎಂಪಿ3 ಬೇಡ, ದಯವಿಟ್ಟು. ಮೊದಲು ಸಿಡಿ-ಆರ್‌ಗಳಿಗೆ ಕೈ ಹಾಕಿ. ಅಚ್ಚಿನ ಸಿಡಿ ಇನ್ನೂ ಸ್ವಲ್ಪ ಕಾಲ ತಡೆದೀತು, ಮನೆಯಲ್ಲಿ ಬರೆದದ್ದನ್ನು ನಂಬೋ ಹಾಗಿಲ್ಲ. ಅದರೊಳಗಿನ ಬಣ್ಣದ ಪದರ ಬೆಳಕಿಗೆ, ಸೆಕೆಗೆ ಮಾಸುತ್ತದೆ. ಮೇಲೆ ಅಂಟಿಸಿದ ಹೆಸರಿನ ಚೀಟಿ ಕೀಳಲೇಬೇಡಿ. ಹೊಳೆಯುವ ಪದರ ಇರೋದು ಆ ಚೀಟಿಯ ಕೆಳಗೇ, ನಡುವೆ ತೆಳು ಲ್ಯಾಕರ್ ಬಿಟ್ಟರೆ ಏನೂ ಇಲ್ಲ. ಚೀಟಿಯ ಜೊತೆ ಹಾಡೂ ಕಿತ್ತು ಬರುತ್ತದೆ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಬೇಡಿ.

ಸಿಡಿಯಿಂದ ಕಂಪ್ಯೂಟರಿಗೆ ಇಳಿಸಲು ನಾನು ಬಳಸೋದು ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನೋ ತಂತ್ರಾಂಶ, ಅದರಲ್ಲಿ ತಪ್ಪು ಹುಡುಕುತ್ತಾ ಓದುವ ಸೆಕ್ಯೂರ್ ಮೋಡ್. ಬೇರೆಯವರು ಇಳಿಸಿದ್ದರ ಜೊತೆ ನಮ್ಮದನ್ನು ಹೋಲಿಸಿ ನೋಡುವ ಆಕ್ಯುರೇಟ್‌ರಿಪ್ ಪಟ್ಟಿಯಲ್ಲಿ ನಮ್ಮ ಸಿಡಿಗಳು ಸಿಗೋದು ಅಪರೂಪ. ಹಾಗಾಗಿ ಎರಡು ಸಲ ಓದಿಸಿ, ಸಿಆರ್‌ಸಿ ಅಂಕಿ (ಓದಿದ ದತ್ತಾಂಶದಿಂದ ಲೆಕ್ಕಹಾಕಿದ ಗುರುತು) ತಾಳೆ ನೋಡಿ. ತಾಳೆಯಾಗದ ಟ್ರ್ಯಾಕನ್ನು ಬೇರೆ ಡ್ರೈವ್‌ನಲ್ಲಿ ಓದಿಸಿ. ಲ್ಯಾಪ್‌ಟಾಪಿನ ತೆಳು ಡ್ರೈವ್ ಕೈಬಿಟ್ಟ ಸಿಡಿಯನ್ನು ನಮ್ಮನೆಯ ಹಳೇ ಡೆಸ್ಕ್‌ಟಾಪ್ ಡ್ರೈವ್ ಸಲೀಸಾಗಿ ಓದಿದೆ.

ಉಳಿಸೋದು ಫ್ಲಾಕ್ ಅನ್ನೋ ಫೈಲ್ ನಮೂನೆಯಲ್ಲಿ. ಸಿಡಿಯಲ್ಲಿರುವುದರ ಸುಮಾರು ಅರ್ಧ ಜಾಗ ಸಾಕು, ದನಿಯಲ್ಲಿ ಏನೂ ಕಳೆಯೋದಿಲ್ಲ. ವಿಲಂಬಿತ್ (ನಿಧಾನ ಲಯ) ಮುಗಿದು ದ್ರುತ್ (ವೇಗದ ಲಯ) ಶುರುವಾಗುವಲ್ಲಿ ಟ್ರ್ಯಾಕ್ ಒಡೆದಿರುತ್ತದೆ, ಹಾಡು ಒಡೆದಿರೋದಿಲ್ಲ. ಎಂಪಿ3 ಮಾಡಿದರೆ ಆ ಸಂದಿಯಲ್ಲಿ ಚೂರು ಮೌನ ನುಸುಳಿ ಲಯವೇ ಎಡವುತ್ತದೆ. ಇಡೀ ಸಿಡಿಗೆ ಒಂದೇ ಫೈಲ್, ಜೊತೆಗೊಂದು ಕ್ಯೂ ಶೀಟ್ (ಯಾವ ಟ್ರ್ಯಾಕ್ ಎಲ್ಲಿ ಶುರು ಅಂತ ಬರೆದಿಡುವ ಪುಟ್ಟ ಫೈಲ್). ಒಳಗಿನ ಪುಸ್ತಿಕೆಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ.

ಹುಬ್ಬಳ್ಳಿ_ಅಕ್ಕ:
ರೇಡಿಯೋದಿಂದ ಹಿಡದದ್ದು ಅಂದ್ರ ನಡುನಡುವ ಅನೌನ್ಸ್‌ಮೆಂಟ್ ಇರ್ತಾವ. ಅವನ್ನ ಕತ್ತರಿಸಬ್ಯಾಡ್ರಿ! ರಾಗ ಯಾವುದು, ತಬಲಾಕ್ಕ ಯಾರು ಕೂತಾರ ಅಂತ ಗೊತ್ತಾಗೂದು ಅಲ್ಲೇ. ಮನ್ಸೂರರು ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರಾಗಿದ್ದವರು. ಅವರು ತೀರಿಕೊಂಡದ್ದು 1992ರಾಗ. ಸಾಥ್ ಕೊಟ್ಟವರ ಹೆಸರು ಇನ್ನ ಯಾರನ್ನ ಕೇಳ್ತೀರಿ?

ಸಪ್ತಾಪುರದವ:
ಒಂದರಲ್ಲಿ ಅನೌನ್ಸರ್ ದನಿಯಿಂದಲೇ ಶುರು. ಅದನ್ನು ತೆಗೆದುಬಿಡೋಣ ಅಂತಲೇ ಇದ್ದೆ. ಇಡ್ತೀನಿ. ಏರಿಸೋ ವಿಷಯ?

ತಂಬೂರಿ:
ಅಕ್ಕ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ, ನೂರಕ್ಕೆ ನೂರು ಸರಿ.

ಏರಿಸಬೇಡಿ. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಸ್ವಂತ ಬಳಕೆಗೆ ಪ್ರತಿ ಇಟ್ಟುಕೊಳ್ಳೋದು ಬೇರೆ ಮಾತು. ಆದರೆ ರಾಗ, ಕಲಾವಿದರು, ಸಿಡಿ ಸಂಖ್ಯೆ ಇಷ್ಟನ್ನು ಮ್ಯೂಸಿಕ್‌ಬ್ರೈನ್ಸ್‌ಗೆ (ಸಂಗೀತದ ವಿವರಗಳನ್ನು ಎಲ್ಲರೂ ಸೇರಿಸಬಹುದಾದ ಜಾಲತಾಣ) ಧಾರಾಳವಾಗಿ ಸೇರಿಸಿ; ಎಂಥ ಸಿಡಿ ಇತ್ತು ಅಂತ ಮುಂದಿನವರಿಗೆ ಗೊತ್ತಾಗಲಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಎರಡು ಹಾರ್ಡ್‌ಡಿಸ್ಕ್ ಇರಲಿ, ಒಂದು ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ. ಕೆಟ್ಟ ಟ್ರ್ಯಾಕ್ ಓದಿಸಿದಾಗ ತಂತ್ರಾಂಶ ಬರೆದಿಡುವ ಲಾಗ್ ಫೈಲ್ ಇಲ್ಲಿ ಹಾಕಿ, ನೋಡ್ತೀನಿ.