‘ಹೋಸ್ಟ್’ ಎಲ್ಲ ಕಡೆಯೂ ‘ಆತಿಥೇಯ’ವೇ?

ಎಲ್ಲರಿಗೂ ನಮಸ್ಕಾರ.

ಕುಬರ್ನೆಟೀಸ್ ಕ್ಲಸ್ಟರ್‌ನಲ್ಲಿ (ಆ್ಯಪ್‌ಗಳನ್ನು ಓಡಿಸಲು ಒಟ್ಟುಗೂಡಿಸಿದ ಯಂತ್ರಗಳ ಗುಂಪು) ಕಂಟೇನರ್‌ಗಳಿಗೆ (ಪ್ರತ್ಯೇಕ ಆವರಣದಲ್ಲಿ ಓಡುವ ಆ್ಯಪ್‌ಗಳಿಗೆ) ನೆಟ್‌ವರ್ಕ್ ವಿಳಾಸ ಹೊಂದಿಸುವ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕರಡು ನೋಡಿದವರೊಬ್ಬರು ‘ಹೋಸ್ಟ್’ ಬಂದಲ್ಲೆಲ್ಲ ‘ಆತಿಥೇಯ’ ಎಂದು ತಿದ್ದಿ ಕಳಿಸಿದ್ದಾರೆ. ಆಟದ ವರದಿಗಳಲ್ಲಿ ‘ಆತಿಥೇಯ ತಂಡ’ ಎಂದು ಓದಿ ಪಳಗಿದ ಪದ, ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ಎಲ್ಲ ಕಡೆಯೂ ಅದು ಕೂರುತ್ತಿಲ್ಲ.

‘ಹೋಸ್ಟ್‌ನೆಟ್‌ವರ್ಕ್’ ಸೆಟ್ಟಿಂಗ್ ತೆಗೆದುಕೊಳ್ಳಿ. ಅದನ್ನು ‘ಟ್ರೂ’ ಮಾಡಿದರೆ ಪಾಡ್‌ಗೆ (ಒಟ್ಟಿಗೆ ಓಡುವ ಒಂದು ಅಥವಾ ಹೆಚ್ಚು ಕಂಟೇನರ್‌ಗಳ ಗುಂಪಿಗೆ) ಪ್ರತ್ಯೇಕ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಇಲ್ಲ. ಅದು ಓಡುವ ನೋಡ್‌ನ (ಕ್ಲಸ್ಟರ್‌ನ ಒಂದು ಯಂತ್ರದ) ಐಪಿಯೇ ಅದರದೂ. ಇಂಥ ಎರಡು ಪಾಡ್‌ಗಳು 8080ನೇ ಪೋರ್ಟನ್ನೇ (ಆ್ಯಪ್ ಸಂಪರ್ಕಕ್ಕೆ ಕಾಯುವ ಬಾಗಿಲಿನ ಸಂಖ್ಯೆ) ಕೇಳಿಕೊಂಡಿದ್ದರೆ ಒಂದೇ ನೋಡ್‌ನಲ್ಲಿ ಇರಲಾರವು. ಬೇರೆ ನೋಡ್ ಸಿಗುವವರೆಗೆ ಎರಡನೆಯದು ‘ಪೆಂಡಿಂಗ್’ ಎಂದೇ ಕಾಯುತ್ತದೆ. ಇಲ್ಲಿ ಹೋಸ್ಟ್ ಎಂದರೆ ಪಾಡ್‌ಗೆ ಜಾಗ ಕೊಟ್ಟ ಯಂತ್ರ. ಆತಿಥೇಯ ಸರಿಯೇ, ಬಂದ ಅತಿಥಿ ಮನೆಯ ಬೀಗದಕೈಯನ್ನೇ ಇಸಕೊಂಡಿದ್ದರೂ.

ಈಗ ‘ಹೋಸ್ಟ್‌ಅಲಿಯಾಸಸ್’ ನೋಡಿ. ಇದು ಪಾಡ್‌ನೊಳಗಿನ ‘ಹೋಸ್ಟ್ಸ್’ ಕಡತಕ್ಕೆ ಸಾಲು ಸೇರಿಸುತ್ತದೆ: 10.1.2.3 ಎಂಬ ಐಪಿಗೆ ‘ಡೇಟಾಬೇಸ್’ ಎಂಬ ಹೆಸರು, ಹೀಗೆ. ಆ ಯಂತ್ರ ಕ್ಲಸ್ಟರ್‌ನ ಹೊರಗೇ ಇರಬಹುದು, ಯಾರಿಗೂ ಆತಿಥ್ಯ ಮಾಡುತ್ತಿಲ್ಲ. ಇದು ಹಳೆಯ ಅರ್ಥ, ನೆಟ್‌ವರ್ಕ್‌ಗೆ ಸೇರಿದ ಯಾವುದೇ ಕಂಪ್ಯೂಟರ್. 1969ರ ಏಪ್ರಿಲ್‌ನಲ್ಲಿ ಬಂದ ಮೊದಲ ಆರ್‌ಎಫ್‌ಸಿಯ (ನೆಟ್‌ವರ್ಕ್ ಕುರಿತ ತಾಂತ್ರಿಕ ಟಿಪ್ಪಣಿಗಳ ಸರಣಿ) ತಲೆಬರಹವೇ ‘ಹೋಸ್ಟ್ ಸಾಫ್ಟ್‌ವೇರ್’. ಇದನ್ನು ‘ಆತಿಥೇಯದ ಅಡ್ಡಹೆಸರು’ ಎಂದು ಬರೆದರೆ ಓದಿದವರು ನೋಡ್‌ಗೇ ಅಡ್ಡಹೆಸರಿಡಲು ಹೊರಡುತ್ತಾರೆ.

‘ಹೋಸ್ಟ್‌ನೇಮ್’ ಆಜ್ಞೆಯದು ಇನ್ನೂ ತಮಾಷೆ. ಸಾಮಾನ್ಯ ಪಾಡ್‌ನೊಳಗೆ ಆ ಆಜ್ಞೆ ಕೊಟ್ಟರೆ ಬರುವುದು ಪಾಡ್‌ನದೇ ಹೆಸರು. ಅಲ್ಲಿಗೆ ಅತಿಥಿಯೇ ಆತಿಥೇಯ! ಹೋಸ್ಟ್‌ನೆಟ್‌ವರ್ಕ್ ಹಾಕಿದ ಪಾಡ್‌ನಲ್ಲಿ ಕೇಳಿದರೆ ನೋಡ್‌ನ ಹೆಸರು ಬರುತ್ತದೆ.

ನನಗೆ ತೋಚಿದ್ದು ಇಷ್ಟು: ಸೆಟ್ಟಿಂಗ್‌ಗಳ ಹೆಸರು ಇದ್ದಂತೆಯೇ ಇರಲಿ. ವಿವರಣೆಯಲ್ಲಿ ಜಾಗ ಕೊಟ್ಟ ಯಂತ್ರಕ್ಕೆ ‘ನೋಡ್’, ಹಳೆಯ ಅರ್ಥಕ್ಕೆ ಬರೀ ‘ಯಂತ್ರ’. ತೊಡಕು ಒಂದೇ. ಕ್ಲಸ್ಟರ್ ಇಲ್ಲದೆ ಲ್ಯಾಪ್‌ಟಾಪ್‌ನಲ್ಲಿ ಡಾಕರ್ (ಕಂಟೇನರ್ ನಡೆಸುವ ತಂತ್ರಾಂಶ) ಓಡಿಸುವವರಿಗೆ ನೋಡ್ ಎಂಬುದೇ ಇಲ್ಲ. ಅಲ್ಲಿ ‘ಆತಿಥೇಯ ಯಂತ್ರ’ ಎನ್ನಬಹುದೇ, ‘ಹೊರಗಿನ ಯಂತ್ರ’ ಎಂದರೆ ಸಾಕೇ?

ಜೊತೆಗೆ ಇನ್ನೊಂದು. ಆ್ಯಪ್ 127.0.0.1ಕ್ಕೆ (ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ) ‘ಬೈಂಡ್’ ಆದರೆ, ಅಂದರೆ ಆ ವಿಳಾಸಕ್ಕೆ ಬರುವ ಸಂಪರ್ಕಕ್ಕಷ್ಟೇ ಕಾದು ಕೂತರೆ, ಹೊರಗಿನವರಿಗೆ ಸಿಗುವುದಿಲ್ಲ, 0.0.0.0ಕ್ಕೆ ಆದರೆ ಯಂತ್ರದ ಎಲ್ಲ ಐಪಿವಿ4 ವಿಳಾಸಗಳಲ್ಲೂ ಸಿಗುತ್ತದೆ. ಈ ‘ಬೈಂಡ್’ಗೆ ‘ಬಂಧಿಸು’ ಎಂದರೆ ಪೊಲೀಸರ ನೆನಪಾಗುತ್ತದೆ. ಮಾತಿನಲ್ಲಿ ನಾವು ‘ಪೋರ್ಟ್ ಹಿಡಿದಿದೆ’ ಎನ್ನುತ್ತೇವೆ, ಆದರೆ ‘ವಿಳಾಸ ಹಿಡಿದಿದೆ’ ಎಂದು ಯಾರೂ ಹೇಳಿದ್ದು ಕೇಳಿಲ್ಲ. ನೀವು ಏನೆಂದು ಬರೆಯುತ್ತೀರಿ?