ಜೀವಕೋಶದಿಂದ ಬೆಳೆಸಿದ ಮೀನನ್ನು ‘ಮೀನು’ ಎಂದೇ ಮಾರಬಹುದೇ?

ಪ್ರಶ್ನೆ: ಕುಂಬಳೆಯ ಅಂಗಡಿಯವನು

ಕುಂಬಳೆಯಲ್ಲಿ ನಮ್ಮದೊಂದು ದಿನಸಿ ಅಂಗಡಿಯಿದೆ. ಫ್ರೀಜರಿನಲ್ಲಿ ಪ್ಯಾಕೆಟ್ ಮೀನು, ಕೋಳಿಯನ್ನೂ ಇಡುತ್ತೇವೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು 2024ರಲ್ಲಿ ಕಂಪೆನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು, ಅಂಜಲ್, ಮಾಂಜಿಯಂಥ ದುಬಾರಿ ಮೀನುಗಳ ಜೀವಕೋಶಗಳಿಂದ ಪ್ರಯೋಗಾಲಯದಲ್ಲೇ ಮಾಂಸ ಬೆಳೆಸಲು ಹೊರಟಿದೆ. ಅದು ನನ್ನ ಫ್ರೀಜರಿಗೆ ಬರುವುದು ಯಾವಾಗಲೋ, ಆದರೆ ಬಂದ ದಿನ ಪ್ಯಾಕೆಟ್ಟಿನ ಮೇಲೆ ಏನು ಬರೆದಿರಬೇಕು? ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಅಚ್ಚು ಹಾಕಿದರೆ ಕಾನೂನಿಗೆ ಸಾಕು. ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯ ಗಿರಾಕಿಗಳು ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು, ಗುರುತು ಹಸಿರೋ ಕಂದೋ ಎಂದು ನೋಡಿ, ಉಳಿದದ್ದನ್ನು ನನ್ನಲ್ಲಿ ಕೇಳುತ್ತಾರೆ. “ಇದು ಮೀನೇ ಹೌದಾ?” ಎಂದರೆ ನಾನು ಏನು ಹೇಳಲಿ?

ಉತ್ತರ: ಪೆರ್ಲದ ನಿವೃತ್ತ ಅಧ್ಯಾಪಕ

ಹೌದೆಂದೇ ಹೇಳಿ. ಬದುಕಿರುವ ಪ್ರಾಣಿಯಿಂದ ತೆಗೆದ ಕೋಶಗಳನ್ನು ಪೋಷಕಾಂಶಗಳಿರುವ ದ್ರಾವಣದಲ್ಲಿ, ಹದವಾದ ಬಿಸಿಯಲ್ಲಿ ಬೆಳೆಸಿದಾಗ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಕೊನೆಗೆ ಸ್ನಾಯುವಿನ ಎಳೆಗಳಾಗುತ್ತವೆ. ನೆದರ್ಲೆಂಡ್ಸಿನ ವಿಜ್ಞಾನಿ ಮಾರ್ಕ್ ಪೋಸ್ಟ್ 2013ರಲ್ಲಿ ಲಂಡನ್ನಿನಲ್ಲಿ ಬೇಯಿಸಿ ತೋರಿಸಿದ ಬರ್ಗರಿನಲ್ಲಿ ಇದ್ದದ್ದು ಇಂಥ ದನದ ಸ್ನಾಯುವೇ ಹೊರತು ಸೋಯಾ ಅಲ್ಲ. ಅದನ್ನು ಮಾಂಸವೆನ್ನದೆ ಇನ್ನೇನೆನ್ನುವುದು? ಅಮೆರಿಕದ ಮಿಸ್ಸೂರಿ ರಾಜ್ಯವು 2018ರಲ್ಲಿ, ಸಾಕಿದ ಪ್ರಾಣಿಪಕ್ಷಿಗಳನ್ನು ಕಡಿದು ಪಡೆಯದ ಪದಾರ್ಥವನ್ನು ಮಾಂಸವೆಂದು ಬಿಂಬಿಸುವುದನ್ನೇ ನಿಷೇಧಿಸಿತು. ಅದು ಗಿರಾಕಿಯ ಹಿತಕ್ಕಿಂತ ದನ ಸಾಕುವವರ ಹಿತವನ್ನು ಕಾಯುವ ಕಾನೂನೆಂದೇ ನನ್ನ ಅಭಿಪ್ರಾಯ. ಅದೇ ದೇಶದಲ್ಲಿ 2023ರಲ್ಲಿ ಮಾರಾಟಕ್ಕೆ ಅನುಮತಿ ಸಿಕ್ಕಿದ ಕೋಳಿಮಾಂಸಕ್ಕೆ ‘ಕೋಶದಿಂದ ಬೆಳೆಸಿದ ಕೋಳಿ’ ಎಂಬರ್ಥದ ಹೆಸರು ಕೊಟ್ಟರು. ವಸ್ತು ಯಾವುದು, ಬಂದದ್ದು ಹೇಗೆ ಎಂಬ ಎರಡೂ ಒಂದೇ ಹೆಸರಿನಲ್ಲಿ ತಿಳಿಯುತ್ತವೆ.

ಉತ್ತರ: ಬದಿಯಡ್ಕದಿಂದ ಒಬ್ಬರು

ಮಾಸ್ಟ್ರೇ, ನನ್ನ ಭಯ ಬೇರೆ. ನಾವು ಸಸ್ಯಾಹಾರಿಗಳು. ‘ಪ್ರಾಣಿಯನ್ನು ಕೊಂದಿಲ್ಲ’ ಎಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕಿ, ಮಾಂಸವೆಂಬ ಶಬ್ದವನ್ನೇ ಬಿಟ್ಟರೆ ನಮ್ಮಂಥವರು ಮೋಸಹೋಗುತ್ತೇವೆ. ಕಾಯಿಹಾಲನ್ನು ಹಾಲೆಂದರೆ ಯಾರೂ ಮೋಸಹೋಗುವುದಿಲ್ಲ, ಏಕೆಂದರೆ ಕಾಯಿ ತುರಿದು ಹಿಂಡಿದ್ದನ್ನು ಅಡುಗೆಮನೆಯಲ್ಲೇ ಕಂಡಿದ್ದೇವೆ. ಈ ಮಾಂಸ ಹುಟ್ಟುವುದನ್ನು ಕಂಡವರು ನಮ್ಮಲ್ಲಿ ಯಾರಿದ್ದಾರೆ? ಕೋಶ ಬೆಳೆಸುವ ದ್ರಾವಣಕ್ಕೆ ಬಹಳ ಕಾಲ ಬಳಸಿದ್ದು ದನದ ಗರ್ಭದಲ್ಲಿದ್ದ ಕರುವಿನ ರಕ್ತದಿಂದ ತೆಗೆದ ಸೀರಂ. ಅದಿಲ್ಲದೆ ಬೆಳೆಸುವ ವಿಧಾನಗಳೂ ಈಗ ಬಂದಿವೆ ಎನ್ನಿ. ನಮ್ಮ ಆಹಾರ ನಿಯಮದ ಪ್ರಕಾರ, ಹಾಲು, ಜೇನಿನಂಥ ಕೆಲವನ್ನು ಬಿಟ್ಟರೆ ಪ್ರಾಣಿಮೂಲದ ಪದಾರ್ಥ ಸೇರಿದ ತಿನಿಸು ಮಾಂಸಾಹಾರವೇ. ಆದ್ದರಿಂದ ಕಂದು ತ್ರಿಕೋನ ಇರಲೇಬೇಕು. ಹೆಸರಿನ ಜಗಳ ಆಮೇಲೆ ಆಗಲಿ.

ಉತ್ತರ: ಉಪ್ಪಳದಿಂದ ಇನ್ನೊಬ್ಬರು

ತ್ರಿಕೋನ ಒಂದೇ ನಮಗೆ ಸಾಲದು. ಕೋಶ ಯಾವ ಪ್ರಾಣಿಯದು, ದ್ರಾವಣದಲ್ಲಿ ಏನಿತ್ತು ಎಂಬುದು ತಿಳಿಯದೆ ಹಲಾಲ್ ಹೌದೋ ಅಲ್ಲವೋ ಎಂದು ಹೇಳಲಾಗದು. 2020ರಲ್ಲೇ ಇದರ ಮಾರಾಟಕ್ಕೆ ಅನುಮತಿ ಕೊಟ್ಟ ಸಿಂಗಾಪುರದಲ್ಲಿ ಅಲ್ಲಿನ ಇಸ್ಲಾಮಿಕ್ ಧಾರ್ಮಿಕ ಮಂಡಳಿಯು 2024ರಲ್ಲಿ, ತಿನ್ನಲು ಅನುಮತಿಯಿರುವ ಪ್ರಾಣಿಯ ಕೋಶವಾಗಿದ್ದು ನಿಷಿದ್ಧ ವಸ್ತು ಸೇರಿರದಿದ್ದರೆ ತಿನ್ನಬಹುದೆಂದು ಫತ್ವಾ ನೀಡಿತು. ಆ ವಿವರ ಪ್ಯಾಕೆಟ್ಟಿನ ಮೇಲೆಯೇ ಇರಬೇಕು.

ಉತ್ತರ: ಮಂಜೇಶ್ವರದ ದೋಣಿಯವನು

ಮಾಂಸವೆನ್ನಿ, ಆಕ್ಷೇಪವಿಲ್ಲ. ಬರೇ ‘ಅಂಜಲ್’ ಎಂದು ಬರೆದರೆ ಮಾತ್ರ ಒಪ್ಪಲಾರೆ. ಅಂಜಲ್‌ಗೆ ಮುಳ್ಳಿದೆ, ಚರ್ಮವಿದೆ, ಕಿವಿರು ಎತ್ತಿ ನೋಡಿದರೆ ಹಳತೋ ಹೊಸತೋ ತಿಳಿಯುತ್ತದೆ. ಇದರಲ್ಲಿ ಎತ್ತಿ ನೋಡುವುದಕ್ಕೆ ಏನಿದೆ? ‘ಅಂಜಲ್ ಕೋಶದಿಂದ ಬೆಳೆಸಿದ ಮಾಂಸ’ ಎಂದು, ಎಲ್ಲ ಅಕ್ಷರಗಳನ್ನೂ ಒಂದೇ ಗಾತ್ರದಲ್ಲಿ ಬರೆಯಲಿ. ಇನ್ನೊಂದು ಮಾತು: ಹೋಟೆಲಿನಲ್ಲಿ ಮಸಾಲೆ ಹಚ್ಚಿ ಕಾಯಿಸಿ ತಟ್ಟೆಗೆ ಹಾಕಿದ ತುಂಡಿಗೆ ಲೇಬಲ್ ಇರುವುದಿಲ್ಲವಲ್ಲ, ಅಲ್ಲಿ ಹೇಳುವವರು ಯಾರು?

ಪ್ರಶ್ನೆ ಕೇಳಿದವನು

ಹೋಟೆಲಿನ ವಿಚಾರ ನನಗೆ ಹೊಳೆದಿರಲಿಲ್ಲ. ನನ್ನ ಅಂಗಡಿಯ ಮಟ್ಟಿಗೆ, ಅದು ಬಂದ ದಿನ ದೋಣಿಯವರು ಹೇಳಿದ ಸಾಲನ್ನು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದು ಫ್ರೀಜರಿನ ಬಾಗಿಲಿಗೆ ಅಂಟಿಸುತ್ತೇನೆ.