ಸಹಾಯ ಬೇಕು: ಹೊಳೆ ಗಾಳದವನಿಗೆ ಉಪ್ಪುನೀರಿನ ಪಾಠ

ಎಲ್ಲರಿಗೂ ನಮಸ್ಕಾರ. ನಾನು ಸಾಗರದವನು. ಚಿಕ್ಕಂದಿನಿಂದ ಶರಾವತಿ ಹಿನ್ನೀರಿನಲ್ಲಿ ಗಾಳ ಹಾಕಿ ಅಭ್ಯಾಸ. ಎರೆಹುಳು ಚುಚ್ಚಿ ದಡದಲ್ಲಿ ಸುಮ್ನೆ ಕೂತರೆ ಸಂಜೆಯೊಳಗೆ ಸಾರಿಗಾಗುವಷ್ಟು ಸಿಗುತ್ತದೆ.

ಕಳೆದ ತಿಂಗಳು ಘಟ್ಟ ಇಳಿದು, ಶರಾವತಿ ಸಮುದ್ರ ಸೇರುವ ಹೊನ್ನಾವರಕ್ಕೆ ಹೋಗಿದ್ದೆ. ಅದೇ ಶರಾವತಿ ಅಲ್ವಾ, ಇಲ್ಲಿ ಬಂದ ವಿದ್ಯೆ ಅಲ್ಲೂ ಸಾಕು ಅಂದುಕೊಂಡೆ. ಸಾಕಾಗಲಿಲ್ಲ. ಇಳಿತದ ಹೊತ್ತಿನಲ್ಲಿ ಕೆಸರಿಗೆ ಇಳಿದು ನಿಂತಿದ್ದೆ. ನೋಡನೋಡುತ್ತ ನೀರು ಮೊಣಕಾಲಿಗೆ ಬಂತು, ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಮೀನಂತೂ ಒಂದೂ ಇಲ್ಲ. ಮನೆಯಲ್ಲಿ ಇವತ್ತಿಗೂ ಚಪ್ಪಲಿ ಬಗ್ಗೆ ಕೇಳುತ್ತಾರೆ.

ದಿನಕ್ಕೆ ಎರಡು ಸಲ ಉಬ್ಬರ, ಪ್ರತಿದಿನ ಸುಮಾರು 50 ನಿಮಿಷ ತಡ, ಅಮಾವಾಸ್ಯೆ ಹುಣ್ಣಿಮೆಗೆ ಏರಿಳಿತ ಜಾಸ್ತಿ. ಇಷ್ಟು ಆಮೇಲೆ ಓದಿಕೊಂಡೆ. ಆದರೆ ಗಾಳ ಹಾಕಲು ನೀರು ಏರುವಾಗ ಒಳ್ಳೆಯದೋ, ಇಳಿಯಲು ಶುರುವಾದಾಗಲೋ? ಕಾಣೆ, ಕೆಂಬೇರಿ ಮೀನುಗಳಿಗೆ ಸೀಗಡಿ ಚುಚ್ಚಬೇಕಾ, ಸಣ್ಣ ಜೀವಂತ ಮೀನಾ? ಮಳೆಗಾಲದಲ್ಲಿ ಮೇಲಿಂದ ಸಿಹಿನೀರು ನುಗ್ಗಿದಾಗ ಉಪ್ಪುನೀರಿನ ಮೀನು ಅಳಿವೆ (ಹೊಳೆ ಸಮುದ್ರ ಸೇರುವ ಬಾಯಿ) ಕಡೆಗೆ ಸರಿಯುತ್ತವೆ ಅನ್ನುತ್ತಾರೆ. ಹಾಗಾದರೆ ಹೊಳೆಯ ಮೇಲಕ್ಕೆ ಗೇರುಸೊಪ್ಪೆ ಕಡೆ ಎಷ್ಟು ದೂರದವರೆಗೆ ಹೋಗಿ ಕೂರಬಹುದು, ಯಾವ ತಿಂಗಳಲ್ಲಿ?

ಇನ್ನೊಂದು. ರೀಲನ್ನು ಸಿಹಿನೀರಿನಲ್ಲಿ ತೊಳೆಯದೆ ಹಾಗೇ ಇಟ್ಟಿದ್ದೆ, ಈಗ ತುಕ್ಕು ಹಿಡಿದು ತಿರುಗುತ್ತಿಲ್ಲ. ಬಿಚ್ಚಿ ಎಣ್ಣೆ ಹಾಕಿದರೆ ಸರಿಯಾದೀತಾ, ಹೊಸದೇ ಗತಿಯಾ?

ಹೊನ್ನಾವರ, ಕುಮಟಾ ಕಡೆಯ ಅಣ್ಣಂದಿರು ಯಾರಾದರೂ ಇದ್ದರೆ ಹೇಳಿ. ಮುಂದಿನ ಭಾನುವಾರ ಮತ್ತೆ ಇಳಿಯುವವನಿದ್ದೇನೆ, ಈ ಸಲ ಬರಿಗಾಲಲ್ಲಿ.